ಅಂದಾಜಮ್ಮನ ತಳ್ಳುಗಾಡಿ

ಅಂದಾಜಮ್ಮನ ಕೈಯಿಂದ ಗಾಡಿ ಜಾರಿದ್ದು ಮಾರುಕಟ್ಟೆಯ ಇಳಿಜಾರಿನಲ್ಲಿ, ಅದೂ ಜನ ಗಿಜಿಗುಡುವ ಹೊತ್ತಿನಲ್ಲಿ. ಮಗುವಿನ ತಳ್ಳುಗಾಡಿ, ಮೇಲೆ ನೀಲಿ ಕಂಬಳಿ, ಹಿಂದೆ ಕನ್ನಡಕ ಹಿಡಿದುಕೊಂಡು ಓಡುತ್ತಿರುವ ಅರವತ್ತರ ಹೊಸ್ತಿಲಿನ ಹೆಂಗಸು. ತರಕಾರಿಯವನು ಟೊಮೆಟೊ ಬುಟ್ಟಿಯನ್ನು ಹಾರಿ, ಮೊಣಕಾಲೂರಿ ಬಿದ್ದು, ಗಾಡಿಯನ್ನು ತಬ್ಬಿ ಹಿಡಿದ. ಕಂಬಳಿ ಸರಿಸಿದ. ಒಳಗೆ ಮೂರು ಇಟ್ಟಿಗೆಗಳು ತಣ್ಣಗೆ ಮಲಗಿದ್ದವು.

"ಮಗು ಎಲ್ಲಿ ಮೇಡಂ?"

"ಮಗು ಯಾವಾಗ ಇತ್ತು?"

"ಹಾಗಾದ್ರೆ ನನ್ನ ಮೊಣಕಾಲು ಸುಲಿದಿದ್ದು ಇಟ್ಟಿಗೆಗಾ?"

"ಅಲ್ಲಪ್ಪ, ಎದ್ದು ಕೂತಿರೋ ಆ ಚಪ್ಪಡಿಗೆ. ಹೋದ ವರ್ಷ ಚೆನ್ನಾಗೇ ಇತ್ತು," ಎಂದು ಅಂದಾಜಮ್ಮ ಚೀಲದಿಂದ ಸೀಮೆಸುಣ್ಣ ತೆಗೆದು ಕಲ್ಲಿನ ಮೇಲೆ ಗುರುತು ಹಾಕಿದರು. ಆಮೇಲೆ ಅವನ ಮೊಣಕಾಲಿಗೆ ತಮ್ಮ ಕರವಸ್ತ್ರ ಕಟ್ಟಿದರು. ಆದ್ಯತೆಯ ಪ್ರಕಾರ.

ಅವರು ನಮ್ಮ ಪುರಸಭೆಯ ಕಾಮಗಾರಿ ವಿಭಾಗದ ಗುಮಾಸ್ತೆ. ಹೆತ್ತವರು ಇಟ್ಟ ಹೆಸರು ಕಚೇರಿಯ ಕಡತದಲ್ಲಿ ಸುಖವಾಗಿದೆ. ರಸ್ತೆ, ಚರಂಡಿ, ಫುಟ್‌ಪಾತ್ ರಿಪೇರಿಯ ಅಂದಾಜು ಪಟ್ಟಿ ಬರೆಯುವವರಾದ್ದರಿಂದ ಊರಿಗೆ ಅವರು ಅಂದಾಜಮ್ಮ. ಇಂಥ ಪಟ್ಟಿಯನ್ನು ಕೂತಲ್ಲೇ ತಯಾರಿಸಬಹುದು, ಹಳೆಯದಕ್ಕೆ ಹೊಸ ತಾರೀಖು ಹಾಕಿದರಾಯಿತು. ಇವರು ಮಾತ್ರ ಬಜೆಟ್‌ಗೆ ಎರಡು ತಿಂಗಳ ಮೊದಲೇ ಗಾಡಿ ಹೊರಡಿಸಿ, ಊರಿನ ಒಂದೊಂದು ಫುಟ್‌ಪಾತಿನ ಮೇಲೂ ತಳ್ಳಿಕೊಂಡು ಹೋಗುತ್ತಿದ್ದರು. ಸುತ್ತು ಎಣಿಸಲು ಬಲಗಾಲಿಯ ಕಡ್ಡಿಗೆ ಕೆಂಪು ದಾರ. ಗಾಲಿ ಒಂದು ಸುತ್ತು ತಿರುಗಿದರೆ ಎಷ್ಟು ಉದ್ದ ಎಂಬುದು ಬಾಯಿಪಾಠ. ಗಾಡಿ ಎಲ್ಲಿ ಮುಗ್ಗರಿಸಿತೋ ಅಲ್ಲಿ ಸೀಮೆಸುಣ್ಣ. ಮೂರು ಇಟ್ಟಿಗೆ ಎಂದರೆ ವರ್ಷದ ಮಗುವಿನ ತೂಕ ಎಂದು ಊರು ತಾನೇ ಲೆಕ್ಕ ಹಾಕಿ, ಎಂಥ ತಾಯಿಕರುಳು ಎಂದು ಕಣ್ಣೊರೆಸಿಕೊಂಡಿತ್ತು. ಕಚೇರಿಯವರು ಮಾತ್ರ 'ಆಯವ್ಯಯದ ಆಯಾ' ಎಂದು ಕಿಚಾಯಿಸುತ್ತಿದ್ದರು.

ಒಮ್ಮೆ ಕಂಟ್ರಾಕ್ಟರೊಬ್ಬ ಶಾಲೆಯ ಬೀದಿಗೆ ಇನ್ನೂರು ಚಪ್ಪಡಿ ಬೇಕೆಂದು ಬರೆದು ತಂದ.

"ನಲವತ್ಮೂರು," ಎಂದರು ಅಂದಾಜಮ್ಮ, ತಲೆ ಎತ್ತದೆ.

"ನೂರು ಅಂತಾದ್ರೂ ಬರೀರಮ್ಮ."

"ಬರೀತೀನಿ. ಉಳಿದ ಐವತ್ತೇಳು ಎಲ್ಲೆಲ್ಲಿ ಹಾಕ್ತೀಯ, ಬಾ, ತೋರಿಸು."

ಆತ ಬರಲಿಲ್ಲ. ನಲವತ್ಮೂರೇ ಹಾಕಿದ.

ಅವರ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಆರು ವರ್ಷದಿಂದ ಕದಲಿರಲಿಲ್ಲ: ಕಾಲುವೆಯ ಮೇಲಿನ ಕಾಲುಸೇತುವೆಗೆ ಇಳಿಜಾರು ದಾರಿ. ಈ ಕಡೆ ಆಸ್ಪತ್ರೆ, ಮಾರುಕಟ್ಟೆ, ಪುರಸಭೆ. ಆ ಕಡೆ ಕೆಳಗಿನ ಬೀದಿ. ನಡುವೆ ಹತ್ತಲು ಹನ್ನೊಂದು ಮೆಟ್ಟಿಲು, ಇಳಿಯಲು ಹನ್ನೊಂದು. ಗಾಲಿಯ ಮೇಲೆ ಬರುವವರು ಸುತ್ತಿಕೊಂಡು ಬರಬೇಕು, ಮುಕ್ಕಾಲು ಗಂಟೆ. ಕೆಳಗಿನ ಬೀದಿಯ ದರ್ಜಿ ಓಡಾಡುವುದು ಗಾಲಿಕುರ್ಚಿಯಲ್ಲಿ. ಪ್ರತಿ ಬಜೆಟ್ ಆದ ಮೇಲೂ ಅಂದಾಜಮ್ಮ ಅವನ ಅಂಗಡಿಗೆ ಹೋಗಿ ತಾವೇ ಸುದ್ದಿ ಹೇಳುತ್ತಿದ್ದರು.

"ಮುಂದಿನ ವರ್ಷ ಅಂದಿದಾರಪ್ಪ."

"ನಾನೂ ಗಿರಾಕಿಗಳಿಗೆ ನಾಳೆ ಅಂತೀನಮ್ಮ. ಆದ್ರೆ ನಾಡಿದ್ದು ಕೊಟ್ಟುಬಿಡ್ತೀನಿ."

ಈ ವರ್ಷ ಅವರಿಗೆ ಇನ್ನೊಂದು 'ಮುಂದಿನ ವರ್ಷ' ಇರಲಿಲ್ಲ. ಬಜೆಟ್ ಆದ ತಿಂಗಳಿಗೇ ನಿವೃತ್ತಿ. ಅವರು ಎದ್ದುಹೋದ ಕುರ್ಚಿಯಲ್ಲಿ ಕೂರುವವರು ಸೇತುವೆಯ ಸಾಲನ್ನು ಮತ್ತೊಮ್ಮೆ ಬರೆದಾರೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಸಾಲದ್ದಕ್ಕೆ ಅಧ್ಯಕ್ಷರಿಗೆ ಊರಬಾಗಿಲಲ್ಲಿ ಗಡಿಯಾರವಿರುವ ಕಮಾನು ಕಟ್ಟಿಸುವ ಆಸೆ ಹುಟ್ಟಿತ್ತು. ಇದ್ದ ಹಣ ಎರಡರಲ್ಲಿ ಒಂದಕ್ಕೆ ಸಾಕು.

ಬಜೆಟ್ ಸಭೆಯಲ್ಲಿ ಗುಮಾಸ್ತರು ಕೇಳಿದರೆ ಮಾತ್ರ ಬಾಯಿ ತೆರೆಯಬೇಕು. ಅಂದಾಜಮ್ಮ ಗೋಡೆ ಪಕ್ಕದ ಕುರ್ಚಿಯಲ್ಲಿ ಕಡತ ತೊಡೆಯ ಮೇಲಿಟ್ಟು ಕೂತಿದ್ದರು. ಮಾರುಕಟ್ಟೆಯ ಸುದ್ದಿ ಅಧ್ಯಕ್ಷರ ಕಿವಿಗೂ ಬಿದ್ದಿತ್ತು.

"ಏನಮ್ಮ, ನಿಮ್ಮ ಮೂರು ಮಕ್ಕಳು ಹೇಗಿದಾರೆ? ಪೆಟ್ಟಾಗಲಿಲ್ಲ ತಾನೇ?"

ಸಭೆ ನಕ್ಕಿತು. ಕೇಳಿದ್ದಾಯಿತಲ್ಲ, ಅಂದಾಜಮ್ಮ ಎದ್ದು ನಿಂತರು.

"ಚೆನ್ನಾಗಿದಾರೆ ಸರ್, ಹೊರಗೇ ಇದಾರೆ. ಸೇತುವೆ ಐದು ನಿಮಿಷದ ದಾರಿ. ನೀವೇ ಒಂದ್ಸಲ ಅವರನ್ನ ದಾಟಿಸಿಬಿಡಿ. ಆಮೇಲೆ ಆ ಸಾಲನ್ನ ನಾನೇ ಹೊಡೆದು ಹಾಕ್ತೀನಿ."

ನಕ್ಕವರ ಮುಂದೆ ಹಿಂಜರಿಯಲಾದೀತೇ? ಅಧ್ಯಕ್ಷರು ಅಂಗಿಯ ತೋಳು ಮಡಿಚಿದರು. ಸದಸ್ಯರೆಲ್ಲ ಹಿಂದೆ ಹೊರಟರು. ಮೊದಲ ಮೂರು ಮೆಟ್ಟಿಲು ಗತ್ತಿನಲ್ಲೇ ಆದವು. ನಾಲ್ಕನೆಯದರಲ್ಲಿ ಗಾಡಿ ತಿರುಗಿಸಿ, ತಾವು ಹಿಮ್ಮುಖವಾಗಿ ಹತ್ತುತ್ತ ಎಳೆದರು. ಆರನೆಯದರಲ್ಲಿ ಊರಿಗೆ ಬೇಕಿದ್ದ ಕಮಾನು ಖರ್ಚಿಲ್ಲದೆ ಮೂಡಿತು, ಅಧ್ಯಕ್ಷರ ಬೆನ್ನಿನ ರೂಪದಲ್ಲಿ. ಹೇಗೋ ಮೇಲೆ ತಲುಪಿ, ಏದುಸಿರು ಬಿಡುತ್ತ, ಆ ಕಡೆ ಇಳಿಯಬೇಕಾದ ಹನ್ನೊಂದನ್ನು ನೋಡಿದರು. ಕೆಳಗೆ ದರ್ಜಿ ಗಾಲಿಕುರ್ಚಿಯಲ್ಲಿ ಹೊರಟಿದ್ದ, ತೊಡೆಯ ಮೇಲೆ ಹೊಲಿದು ಮುಗಿಸಿದ ಅಧ್ಯಕ್ಷರದೇ ಕೋಟು.

"ಸರ್, ನಿಮ್ಮ ಕೋಟು ರೆಡಿ," ಎಂದು ಕೂಗಿದ. "ಅಲ್ಲೇ ಕೂತಿರಿ, ಸುತ್ತಿಕೊಂಡು ಬಂದೆ. ಮುಕ್ಕಾಲೇ ಗಂಟೆ."

ಅಧ್ಯಕ್ಷರು ಕೋಟನ್ನೇ ನೋಡುತ್ತ ನಿಂತರು. ಗುಂಡಿ ಎಣಿಸುವಷ್ಟು ಹತ್ತಿರದಲ್ಲಿತ್ತು ಅದು. ಸಂಜೆಯೊಳಗೆ ಇಳಿಜಾರು ದಾರಿಗೆ ಮಂಜೂರಾತಿ ಸಿಕ್ಕಿತು. ಕಮಾನಿನ ಎದುರು 'ಮುಂದಿನ ವರ್ಷ' ಎಂದು ಬರೆದವರು ಅಂದಾಜಮ್ಮ, ತುಂಬ ದುಂಡಗಿನ ಅಕ್ಷರದಲ್ಲಿ.

ಅವರ ಬೀಳ್ಕೊಡುಗೆಯ ದಿನ ಸೇತುವೆಯ ಬುಡದಲ್ಲಿ ಜಲ್ಲಿ ಬಂದು ಬಿದ್ದಿತ್ತು. ದರ್ಜಿ ಕೊನೆಯ ಸಲ ಎಂದು ಹೇಳಿಕೊಂಡು ಸುತ್ತುದಾರಿಯಲ್ಲೇ ಬಂದಿದ್ದ. ಭಾಷಣಗಳಲ್ಲಿ ತಾಯಿಕರುಳು ನಾಲ್ಕು ಸಲ ಬಂತು. ಎಲ್ಲ ಮುಗಿದ ಮೇಲೆ, ಇಷ್ಟು ವರ್ಷ ನಾಲಿಗೆ ತುದಿಯಲ್ಲಿದ್ದದ್ದನ್ನು ನಾನು ಕೇಳಿಯೇಬಿಟ್ಟೆ.

"ಅಮ್ಮ, ಮಗುವಿನ ಗಾಡಿಯಲ್ಲೇ ಊರು ಅಳೀಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?"

"ಹೊಳೆಯೋದೇನು ಬಂತು? ಕಚೇರಿಯ ಅಳತೆ ಚಕ್ರ ಮುರಿದುಹೋಯ್ತು. ಹೊಸದು ಬೇಕು ಅಂತ ಪ್ರತಿ ಬಜೆಟ್ಟಿಗೂ ಬರೆದೆ. ಮುಂದಿನ ವರ್ಷ ಅಂದ್ರು."

"ಮತ್ತೆ ಆ ಮೂರು ಇಟ್ಟಿಗೆ?"

"ಖಾಲಿ ಗಾಡಿ ಕುಣಿಯುತ್ತಪ್ಪ. ಅಳತೆ ತಪ್ಪುತ್ತೆ."