ಮಣ್ಣೆತ್ತು ಸರಿಸಿದ ಕೈ

ಟಿವಿಯಲ್ಲಿ ಆಟಿಕೆ ಮೊಲ, ಕರಡಿಗಳು ಮನೆ ಮಾಡಿಕೊಂಡಿರುವ ಒಂದು ಸೀರಿಯಲ್ ಬರುತ್ತದೆ. ಮಕ್ಕಳದ್ದು. ಬೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಫೋಟೊ, ಮತ್ತೆ ಎಳ್ಳಷ್ಟು ಸರಿಸಿ ಇನ್ನೊಂದು ಫೋಟೊ. ಅವನ್ನೆಲ್ಲ ಸಾಲಾಗಿ ಓಡಿಸಿದರೆ ಬೊಂಬೆ ತಾನೇ ನಡೆದಂತೆ ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಐದನೇ ಕ್ಲಾಸಿನ ನನ್ನ ಮಗಳು. ಹೇಳಿ ಸುಮ್ಮನಾಗಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ, ಪೂಜೆ ಮಾಡಿದ ಮಣ್ಣಿನ ಎತ್ತುಗಳನ್ನು ನೀರಿಗೆ ಬಿಡಲು ಕೊಡದೆ, ತಾನೂ ಅಂಥದೊಂದು ಮಾಡುತ್ತೇನೆಂದು ಕುಳಿತಳು.

ಜೊತೆಗೆ ಅವಳ ಗೆಳತಿ. ಶಹಾಪುರದ ನಮ್ಮ ಓಣಿಯ ಕೊನೆಗಿರುವ ಕುಂಬಾರರ ಮನೆ ಹುಡುಗಿ. ಎತ್ತು ಮಾಡಿದ್ದೇ ಅವಳು. ನನ್ನ ಹಳೇ ಫೋನನ್ನು ಡಬ್ಬಿಗೆ ಕಟ್ಟಿ ನಿಲ್ಲಿಸಿ, ಶಾಲೆ ಬಿಟ್ಟ ಮೇಲೆ ಇಬ್ಬರೂ ಪಡಸಾಲೆಯಲ್ಲೇ. ಎತ್ತು ಹೊಲ ದಾಟಿ ನೀರು ಕುಡಿಯಲು ಹೋಗುವ ಕಥೆ.

"ಯವ್ವಾ, ಮುಟ್ಟಬ್ಯಾಡ ನೋಡು. ಅಲ್ಲಾಡ್ತಂದ್ರ ಎಲ್ಲಾ ಹಾಳಾಗ್ತದ," ಎಂದು ಮಗಳು ಮೊದಲ ದಿನವೇ ನನಗೆ ಹೇಳಿದ್ದಳು.

ನಾನು ಫೋನಿನಲ್ಲಿ ದಿನಾ ಏನಾದರೂ ಬರೆದು ಹಾಕುವವಳು. ಐದನೇ ದಿನ ಮಧ್ಯಾಹ್ನ ಬರೆಯಲು ಏನೂ ಹೊಳೆಯಲಿಲ್ಲ. ಆ ಎತ್ತನ್ನು ಅಂಗಳದ ಬಿಸಿಲಿಗೆ ಒಯ್ದು, ಅಂಗೈ ಮೇಲಿಟ್ಟು ಫೋಟೊ ಹೊಡೆದು, ನಮ್ಮ ಮಣ್ಣಿನ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದು ಹಾಕಿದೆ. ಎತ್ತನ್ನು ಅಂದಾಜಿನ ಮೇಲೆ ವಾಪಸ್ ಇಟ್ಟೆ.

ಸಂಜೆ ಮಕ್ಕಳು ಇನ್ನಷ್ಟು ಫೋಟೊ ತೆಗೆದು ಓಡಿಸಿ ನೋಡಿದರು. ನೆಟ್ಟಗೆ ನಡೆಯುತ್ತಿದ್ದ ಎತ್ತು ಗಕ್ಕನೆ ನಾಲ್ಕು ಬೆರಳು ಹಾರಿ, ಮುಖ ಆ ಕಡೆ ತಿರುಗಿಸಿತು.

"ನೀನೇ ಮುಟ್ಟೀದಿ!" ಎಂದಳು ಮಗಳು, ಗೆಳತಿಗೆ.

"ಇಲ್ಲಲೇ, ನಾ ಮುಟ್ಟಿಲ್ಲ."

"ಮತ್ತ ಎತ್ತಿಗಿ ಜೀವ ಬಂತೇನು? ನಿನ್ನಿ ಕೊಂಬು ತಿದ್ದಾಕತ್ತಿದ್ದಿ. ಸುಳ್ಳಿ! ನಮ್ಮನಿಗಿ ಬರಬ್ಯಾಡ ಹೋಗು."

ನಾನು ಅಲ್ಲೇ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ. ಮಗಳ ಮುಂದೆ ಸಣ್ಣವಳಾಗುತ್ತೇನೆಂಬ ಅಂಜಿಕೆ, ಇನ್ನೇನೂ ಅಲ್ಲ. ಹುಡುಗಿ ಒಮ್ಮೆ ನನ್ನ ಕಡೆ ನೋಡಿ, ಚಪ್ಪಲಿ ಮೆಟ್ಟಿ ಹೋದಳು. ಮಕ್ಕಳ ಜಗಳ, ನಾಳೆ ಸರಿಹೋಗುತ್ತದೆ ಎಂದುಕೊಂಡೆ. ಎಂಟು ದಿನ ಆ ಹುಡುಗಿ ಬರಲಿಲ್ಲ. ಮಗಳೂ ಆ ಸೀರಿಯಲ್ ಹಚ್ಚಲಿಲ್ಲ.

ತಡೆಯಲಾಗದೆ ಕುಂಬಾರರ ಮನೆಗೆ ಹೋದೆ. ಹುಡುಗಿ ಹೊರಗೆ ಗಡಿಗೆ ಒಣಹಾಕುತ್ತಿದ್ದಳು.

"ಅವತ್ತ ಎತ್ತು ಮುಟ್ಟಿದಾಕಿ ನಾನವ್ವ."

"ಗೊತ್ತದರಿ ಅತ್ತಿ. ನಮ್ಮವ್ವನ ಫೋನಿನ್ಯಾಗ ನೀವು ಹಾಕಿದ ಎತ್ತಿನ ಫೋಟೊ ನೋಡೀನಿ."

"ಮತ್ತ ಯಾಕ ಹೇಳಿಲ್ಲ?"

"ನೀವೇ ಹೇಳಿಲ್ಲಲ್ರಿ. ನಾ ಹೇಳಿದ್ರ ಯಾರು ಕೇಳ್ತಾರ್ರಿ?"

ಮನೆಗೆ ಬಂದು ಮಗಳಿಗೆ ಹೇಳಿದೆ. ಕಿರುಚಾಡುತ್ತಾಳೆ ಅಂದುಕೊಂಡಿದ್ದೆ. "ಆಕಿಗಿ ಏನೇನ್ ಅಂದೆ ನಾ. ನೀ ಕೇಳಕೋತ ಕುಂತಿದ್ದಿ," ಎಂದಷ್ಟೇ ಅಂದು ಗೆಳತಿಯ ಮನೆಗೆ ಓಡಿದಳು.

ಈಗ ಇಬ್ಬರೂ ಮೊದಲಿನಿಂದ ಶುರು ಮಾಡಿದ್ದಾರೆ. ಎತ್ತು ಸರಿಸುವವಳು ಮಗಳು. ಆ ಹುಡುಗಿ ದೂರ ನಿಂತು ಫೋಟೊ ಮಾತ್ರ ತೆಗೆಯುತ್ತಾಳೆ. "ನೀನೂ ಸರಿಸು ಬಾರವ್ವ," ಎಂದು ನಾನೇ ಕರೆದೆ.

"ಬ್ಯಾಡ್ರಿ ಅತ್ತಿ," ಎಂದು ಎರಡೂ ಕೈ ಹಿಂದೆ ಕಟ್ಟಿಕೊಂಡಳು.