ಮಗ್ಗದ ಧೂಳಿನ ಕೆಮ್ಮು

ದೊಡ್ಡಾಸ್ಪತ್ರೆಯ ಎಚ್‌ಐವಿ ಗುಳಿಗೆ ಕೊಡುವ ಕೋಣೆಯಿಂದ ಏದುಸಿರು ಬಿಡುತ್ತ ಬಂದವಳು ನನ್ನನ್ನು ಕಂಡು ಗೋಡೆ ಹಿಡಿದು ನಿಂತಳು. ಬೆಟಗೇರಿಯ ನಮ್ಮ ಓಣಿಯಲ್ಲೇ ಸೀರೆ ನೇಯುವವಳು, ಹೆಸರು ಬೇಡ. ಅವಳ ಕೆಮ್ಮು ಮಗ್ಗದ ಧೂಳಿನದೆಂದೇ ನಾವೆಲ್ಲ ತಿಳಿದಿದ್ದೆವು. ಧೂಳಿಗೆ ಬೆಲ್ಲವೇ ಮದ್ದೆಂದು ನಾನೇ ದಿನಾ ಒಂದು ತುಣುಕು ಅವಳ ಕೈಗಿಡುತ್ತಿದ್ದೆ.

“ಎದಿ ತುಂಬಾ ಟಿ.ಬಿ. ಐತಂತ್ರಿ ಅಕ್ಕಾರ,” ಎಂದಳು.

“ಮೊದ್ಲ ಯಾಕ ತೋರಿಸ್ಲಿಲ್ಲವ್ವಾ?”

“ತೋರಿಸಾಕ ಈ ಕೋಣಿಗೆ ಬಂದಿದ್ರ ಯಾರರ ನೋಡಿ ಓಣಿಗೆಲ್ಲಾ ಎಚ್‌ಐವಿ ಖಬರ ಆಗತಿತ್ರಿ. ಆಮ್ಯಾಲ ನೀವು ನನ್ನ ಕೈಯಾಗ ಬೆಲ್ಲ ಇಡತಿದ್ರೇನ್ರಿ?”

ಎರಡೇ ತಿಂಗಳಲ್ಲಿ ಅವಳು ತೀರಿಕೊಂಡಳು. ಧೂಳೇ ಕೊಂದಿತು ಎಂದು ಓಣಿಯವರು ಈಗಲೂ ಹೇಳುತ್ತಾರೆ, ನಾನೂ ಹೂಂ ಎನ್ನುತ್ತೇನೆ. ‘ಇಡತಿದ್ದೆ’ ಎನ್ನಲು ಅಂದು ನನಗೆ ಬಾಯಿ ಬರಲಿಲ್ಲ.