ಶಬ್ದ ಹೋದ ಸಿನಿಮಾ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟು ತೆಗೆಯುವ ದಿನ ಪವರ್‌ಲೂಮ್‌ಗಳು ನಿಂತರೆ ಸಾಕು, ಮುನಿರತ್ನಮ್ಮ ಸಿನಿಮಾಕ್ಕೆ ಹೊರಡುತ್ತಾಳೆ. ಥಿಯೇಟರಿನಲ್ಲಿ ಜನರೇಟರ್ ಇದೆ. ಕಳೆದ ಒಂದು ವರ್ಷದಲ್ಲಿ ಊರಿಗೆ ಬಂದ ಸಿನಿಮಾ ಒಂದನ್ನೂ ಅವಳು ಬಿಟ್ಟಿಲ್ಲ. ಪಕ್ಕದ ಮನೆಯವಳಾದ ನಾನೂ ಜೊತೆಗಿರುತ್ತೇನೆ.

ಹೋದ ತಿಂಗಳು ಹೀಗೆ ಹೋದಾಗ, ಪರದೆಯ ಮೇಲೆ ಚಿತ್ರ ಓಡುತ್ತಿದ್ದಂತೆಯೇ ಶಬ್ದ ನಿಂತುಹೋಯಿತು. ಜನ ಸಿಳ್ಳೆ ಹಾಕಿದರು. ಮುನಿರತ್ನಮ್ಮ ಮಾತ್ರ ಏನೂ ಆಗದವಳ ಹಾಗೆ ನೋಡುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ತುಟಿ ನೋಡಿಯೇ ಮಾತು ತಿಳಿಯುವುದು ನಮ್ಮವರಿಗೆ ರೂಢಿ.

"ನಿಮ್ಮಪ್ಪನ್ನ ನಾನು ಒಪ್ಪಿಸ್ತೀನಿ, ಅಳಬೇಡ ಅಂತಾವ್ನೆ ಹೀರೋ," ಎಂದು ನನಗೆ ಹೇಳಿದಳು. ಮಗ್ಗದವರ ದನಿ ಸಣ್ಣದಾಗುವುದೇ ಇಲ್ಲ. ಇಡೀ ಹಾಲಿಗೆ ಕೇಳಿಸಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಿಳ್ಳೆ ನಿಂತಿತು.

ಈಗ ನಾಯಕಿ ಗಳಗಳನೆ ಅಳುತ್ತಾ ಏನೋ ಹೇಳತೊಡಗಿದಳು. "ಅವಳೇನಂತಾಳಕ್ಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮುನಿರತ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಒನ್, ಟೂ, ತ್ರೀ, ಫೋರ್ ಅಂತಾವ್ಳೆ."

ಪಾಪ, ಕನ್ನಡ ಬಾರದ ಹುಡುಗಿ. ಶೂಟಿಂಗಿನಲ್ಲಿ ಬಾಯಿ ಆಡಿಸಲು ಅಂಕಿ ಹೇಳಿದ್ದಳು; ಮಾತನ್ನು ಆಮೇಲೆ ಬೇರೆ ಯಾರೋ ಕೂಡಿಸಿದ್ದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಶಬ್ದ ಮರಳಿ ಬಂದಾಗ, "ಬೇಡ, ಅಕ್ಕನೇ ಹೇಳ್ಲಿ," ಎಂದು ಕೂಗಿದರು.

ಈ ವರ್ಷ ಯಾವ ಸಿನಿಮಾ ಹೆಚ್ಚು ಇಷ್ಟವಾಯಿತೆಂದು ನಿನ್ನೆ ಅವಳ ಮಗಳು ಮೇಘನ ಕೇಳಿದಳು. ಮುನಿರತ್ನಮ್ಮ ಯೋಚಿಸಲೇ ಇಲ್ಲ.

"ಅದೇ ಕಣೇ. ಬರೀ ಒಂದು ಎರಡು ಹೇಳ್ಕೊಂಡು ಆ ಪಾಟಿ ಅಳೋದು ಅಂದ್ರೆ ಸುಮ್ನೆನಾ? ಅವಳು ಹತ್ತು ಅನ್ನೋ ಹೊತ್ತಿಗೆ ನಂಗೂ ಕಣ್ಣಲ್ಲಿ ನೀರು ಬಂದ್ಬಿಡ್ತು."